ಎರಡನೆಯ ಓಟ

ಆರಿಸಲು ಬಂದವನೊಬ್ಬ ಟೇಪು ಹಿಡಿದು ನನ್ನ ಹುಡುಗಿಯ ಮೀನಖಂಡ ಅಳೆಯುತ್ತಿದ್ದಾನೆ, ಹಿಮ್ಮಡಿ ಒತ್ತಿ ನೋಡುತ್ತಾನೆ, ಹಲ್ಲೊಂದು ಎಣಿಸಲಿಲ್ಲ, ದನದ ಸಂತೆಯಲ್ಲಾದರೆ ಅದನ್ನೂ ಎಣಿಸುತ್ತಾರೆ — ಸಿಟ್ಟು ಬೇಡ ರಾಮವ್ವ, ನನಗೆ ನಾನೇ ಅಂದುಕೊಳ್ಳುತ್ತೇನೆ, ಸುಮ್ಮನೆ ನಿಲ್ಲು, ಮಗಳ ಬಾಳಿನ ಮಾತು ಇದು. ಸಿದ್ದಿ ಮಕ್ಕಳನ್ನು ಆರಿಸಿ ದೂರದ ಊರಿಗೆ ಕರೆದೊಯ್ದು ಓಟ ಕಲಿಸುತ್ತಾರಂತೆ, ಊಟ, ಓದು, ಆಮೇಲೆ ನೌಕರಿ, ಎಲ್ಲ ಸರಕಾರದ್ದೇ ಅಂತೆ, ಅದನ್ನು ಕೇಳಿಯೇ ತಂಬೂರಿನಿಂದ ಬೆಳಗಿನ ಬಸ್ಸಿಗೆ ಕಲಘಟಗಿಯ ಈ ಮೈದಾನಕ್ಕೆ ಬಂದೆವು, ನಾನು, ಗಂಡ ಈರಬಸಪ್ಪ, ಹದಿನಾಲ್ಕು ತುಂಬಿದ ನಮ್ಮ ಸುಶೀಲಾ. ಬಿಳಿ ಟೋಪಿಯ ಸಾಹೇಬರು, ಬೆಂಗಳೂರು ಕಡೆಯ ಮಾತು, ಎಲ್ಲರನ್ನೂ ಕೂಡಿಸಿ ಹೇಳಿದರು, ನಿಮ್ಮ ಹಿರಿಯರು ಆಫ್ರಿಕಾದಿಂದ ಬಂದೋರು, ಓಟ ನಿಮ್ಮ ರಕ್ತದಲ್ಲೇ ಇದೆ. ರಕ್ತದಲ್ಲಿ. ನಾನು ಸಿದ್ದಿ, ನನ್ನವ್ವ ಸಿದ್ದಿ, ಅವಳು ಹಳಿಯಾಳದ ಕಾಡಿನಲ್ಲಿ ಜೇನು ಬಿಡಿಸುತ್ತಿದ್ದಳು, ಓಡಿದ್ದನ್ನು ನಾನು ಕಂಡಿಲ್ಲ, ನನಗಂತೂ ದಿಬ್ಬ ಹತ್ತಿದರೆ ಏದುಸಿರು — ಸುಶೀಲಾಗೆ ಓಟ ಬಂದದ್ದು ಬಾವಿಯಿಂದ. ಊರಿನ ಹೆಂಗಸರೆಲ್ಲ ಸೇದಿ ಮುಗಿಸುವ ತನಕ ನಮ್ಮ ಕೊಡ ಬದಿಗೆ, ಸಿದ್ದ್ಯಾಕಿ ಮಗಳ, ತಡಿ ಬೇ, ನಮ್ಮದಾಗಲಿ, ಅನ್ನುತ್ತಾರೆ, ಅವರದಾಗಿ ನಮ್ಮದು ತುಂಬುವಷ್ಟರಲ್ಲಿ ಶಾಲೆಯ ಗಂಟೆಯ ಹೊತ್ತು, ದಾರಿ ಮೂರು ಮೈಲಿ, ಓಡದೆ ಏನು ಮಾಡಬೇಕು, ಎಂಟು ವರ್ಷ ಹಾಗೆ ಓಡಿದ ಕಾಲು ಅದು, ಟೇಪು ಹಿಡಿದರೆ ಅದೆಲ್ಲ ಕಾಣುತ್ತದೆಯೇ.

ಮೊದಲ ಓಟದಲ್ಲಿ ಅವಳೇ ಮುಂದೆ, ಹಿಂದಿನವಳು ನಾಲ್ಕು ಮಾರು ದೂರ, ಸಾಹೇಬರು ನಗುತ್ತ ಹೆಸರು ಬರೆಯಲು ಕರೆದರು, ಕರೆದು ಮುಖ ನೋಡಿದರು, ಗೋಧಿ ಬಣ್ಣ, ಸೊಂಟದ ತನಕ ನೆಟ್ಟಗೆ ಇಳಿದ ಜಡೆ, ನಗು ನಿಂತಿತು — ಇವಳು ಸಿದ್ದಿ ಥರ ಕಾಣ್ತಿಲ್ವಲ್ಲ. ನಾನು ಮುಂದೆ ಹೋದೆ, ನನ್ನ ಮಗಳ್ರಿ ಸಾಹೇಬ್ರ, ನನ್ನ ನೋಡ್ರಿ. ನೋಡಿದರು, ನನ್ನ ತಲೆಯ ಗುಂಗುರು, ಅವಳ ಜಡೆ, ಮತ್ತೆ ನನ್ನ ತಲೆ, ನಿಮ್ಮ ಮಗಳೇ ಅಂತ ಹೇಗೆ ನಂಬೋದಮ್ಮ. ಎರಡು ದಿನ ನೋವು ತಿಂದು ಹೆತ್ತವಳಿಗೆ ಕೇಳುವ ಮಾತೇ ಇದು, ಅವಳು ಹುಟ್ಟಿದಾಗ ನಾನು ಮೊದಲು ನೋಡಿದ್ದೂ ಆ ಕೂದಲನ್ನೇ, ಒದ್ದೆ ತಲೆಗೆ ಅಂಟಿದ ನೆಟ್ಟನೆಯ ಕೂದಲು, ಹಿಗ್ಗಿದೆ, ಸುಳ್ಳು ಯಾಕೆ ಹೇಳಲಿ, ಹಿಗ್ಗಿದೆ, ಇನ್ನು ಇವಳನ್ನು ಯಾರೂ ಏನೂ ಅನ್ನುವುದಿಲ್ಲ ಅಂದುಕೊಂಡೆ. ಭತ್ತ ಕೊಯ್ಯಲು ಬಂದ ನನ್ನನ್ನು ಮಗ ಮದುವೆಯಾದನೆಂದು ಅತ್ತೆ ಮಹಾದೇವಕ್ಕ ನಮ್ಮ ಹೊಸ್ತಿಲು ತುಳಿದಿರಲಿಲ್ಲ, ಅವತ್ತು ಬಂದಳು, ತೊಟ್ಟಿಲಿಗೆ ಬಗ್ಗಿದಳು, ಕೂದಲ ನಮ್ಮದ ಐತಿ, ಅಂದು ನೀರೂ ಕುಡಿಯದೆ ಎದ್ದು ಹೋದಳು. ಕೂದಲು ಅವರದು, ಉಳಿದದ್ದೆಲ್ಲ ನನ್ನದು, ಊರಿನಲ್ಲಿ ಆ ಕೂದಲು ಒಬ್ಬರ ಕಣ್ಣಿಗೂ ಬೀಳಲಿಲ್ಲ, ಇಲ್ಲಿ ಅದನ್ನು ಬಿಟ್ಟು ಬೇರೇನೂ ಬೀಳುತ್ತಿಲ್ಲ.

ಕಾಗದ ಕೇಳಿದರು, ಕಾಗದ ಈರಬಸಪ್ಪನ ಕಿಸೆಯಲ್ಲಿತ್ತು, ಶಾಲೆಯ ದಾಖಲೆ, ಅದರಲ್ಲಿ ಲಿಂಗಾಯತ ಅಂತಿದೆ. ಬರೆಸಿದ್ದು ಅವನೇ. ಶಾಲೆಗೆ ಹೆಸರು ಹಚ್ಚುವ ದಿನ ಮಾಸ್ತರರು ಪೆನ್ನು ಎತ್ತಿ ಹಿಡಿದು, ಜಾತಿ ಏನ್ ಬರೀಲಿ ಈರಬಸಪ್ಪ, ಅಂದರೆ, ನನ್ನ ಮಗಳ್ರಿ, ನಂದ ಬರೀರಿ, ಅಂದನಂತೆ, ಸಂಜೆ ಬುಂದೆ ಉಂಡಿ ತಂದು ನನ್ನ ಬಾಯಿಗೆ ತಾನೇ ಇಟ್ಟ, ಒಳ್ಳೆಯವನು, ಈ ಒಳ್ಳೆಯತನವನ್ನು ಕಟ್ಟಿಕೊಂಡು ನಾನೇನು ಮಾಡಲಿ — ಬರೆಸಿದ್ದರೂ ಊರಲ್ಲಿ ಯಾರೂ ಅವಳನ್ನು ಊಟದ ಪಂಕ್ತಿಗೆ ಕೂರಿಸಲಿಲ್ಲ, ಬರೆಸಿದ್ದಕ್ಕೆ ಇಲ್ಲಿ ಅವಳ ಹೆಸರಿನ ಮೇಲೆ ಗೀಟು ಎಳೆದರು. ನಾನೇನು ಮಾಡಲಮ್ಮ, ಇದರ ಪ್ರಕಾರ ಇವಳು ಸಿದ್ದಿ ಅಲ್ಲ. ನಮ್ಮ ಊರಿಗಿ ಬಂದ ಹೇಳ್ರಿ ಹಂಗಂತ, ಅಂದೆ, ಓಣ್ಯಾಗ ನಿಂತ ಎಲ್ಲಾರಿಗೂ ಕೇಳೂ ಹಂಗ ಹೇಳ್ರಿ. ಅವರಿಗೆ ತಿಳಿಯಲಿಲ್ಲ, ಮುಂದಿನ ಹುಡುಗಿ ಅಂದರು. ಈರಬಸಪ್ಪ ಕಾಗದ ಮಡಚುತ್ತಿದ್ದಾನೆ, ಮಡಚಿದ್ದನ್ನೇ ಮತ್ತೆ ಮಡಚುತ್ತಿದ್ದಾನೆ, ನಾ ಏನ್ ತಪ್ಪ ಮಾಡೀನಿ ರಾಮವ್ವ. ಏನೂ ಮಾಡಿಲ್ಲ, ನೀನೂ ಮಾಡಿಲ್ಲ, ನಾನೂ ಮಾಡಿಲ್ಲ, ಸಾಹೇಬರೂ ಮಾಡಿಲ್ಲ, ಯಾರೂ ಏನೂ ಮಾಡದೆಯೇ ಇಷ್ಟೆಲ್ಲ ಆಗುತ್ತದೆ, ಸುಶೀಲಾ ಎಲ್ಲಿ, ಈಗ ಇಲ್ಲೇ ನಿಂತಿದ್ದಳು —

ಅಲ್ಲಿದ್ದಾಳೆ, ಗೆರೆಯ ಮೇಲೆ, ಹೊಸ ಸಾಲಿನ ಹುಡುಗಿಯರ ಕೊನೆಗೆ ಹೋಗಿ ನಿಂತಿದ್ದಾಳೆ, ಎದೆಯ ಮೇಲೆ ನಂಬರಿಲ್ಲ, ಯಾರು ಕರೆದರು ಇವಳನ್ನು, ಬಾ ಬೇ ಈ ಕಡೆ, ಅನ್ನಲು ಬಾಯಿ ತೆರೆದೆ, ಸೀಟಿ ಊದಿಯೇ ಬಿಟ್ಟರು. ಓಡುತ್ತಾಳೆ, ಲಂಗವನ್ನು ಸೊಂಟಕ್ಕೆ ಸಿಕ್ಕಿಸಿ ಬರಿಗಾಲಲ್ಲಿ ಓಡುತ್ತಾಳೆ, ಅರ್ಧಕ್ಕೇ ಎಲ್ಲರನ್ನೂ ಹಿಂದೆ ಹಾಕಿದಳು, ಕೊನೆಯ ಗೆರೆ ದಾಟಿದಳು, ನಿಲ್ಲಲಿಲ್ಲ, ಗೇಟಿನ ತನಕ ಹೋಗಿ ಗೋಡೆಗೆ ಕೈ ಕೊಟ್ಟು ನಿಂತಳು, ಹಿಂದೆ ತಿರುಗಿ ನೋಡಲಿಲ್ಲ. ನೋಡಿದ್ದು ನಾನು. ಸಾಹೇಬರ ಕೈಯಲ್ಲಿ ಓಟದ ಗಡಿಯಾರ, ಅವಳು ದಾಟಿದ ಹೊತ್ತಿಗೆ ಸರಿಯಾಗಿ ಹೆಬ್ಬೆರಳು ಒತ್ತಿತು, ಅವಳ ಹಿಂದೆ ಬಂದ ನಂಬರಿನವಳಿಗಲ್ಲ, ಇವಳಿಗೆ, ಕಣ್ಣಿನ ಹತ್ತಿರ ತಂದು ನೋಡಿದರು, ಮತ್ತೆ ನೋಡಿದರು, ಪಕ್ಕದವನು ಪುಸ್ತಕ ತೆರೆದು, ಎಷ್ಟ್ರಿ ಸರ್, ಅಂದ, ಅವರು ಅಂಗೈ ಮುಚ್ಚಿದರು. ಆರಿಸಿದ ಐದು ಹುಡುಗಿಯರು ವ್ಯಾನಿನ ಹತ್ತಿರ ನಿಂತಿದ್ದಾರೆ, ಬಸ್ಸಿನ ಹೊತ್ತಾತು, ಹೋಗೂಣು ನಡಿ, ಈರಬಸಪ್ಪ ಕರೆಯುತ್ತಿದ್ದಾನೆ, ಹೋಗೋಣ, ಹೋಗಲೇಬೇಕು, ಆದರೆ ಒತ್ತಿದರಲ್ಲ, ತಾವೇ ಒತ್ತಿದರಲ್ಲ, ನಿಂತ ಮುಳ್ಳು, ಅದರ ಮೇಲೆ ಮೆಲ್ಲಗೆ ಮುಚ್ಚಿಕೊಂಡ ಅಂಗೈ, ನಿಂತ ಮುಳ್ಳು, ಮುಚ್ಚಿದ ಅಂಗೈ