ಇಬ್ಬರ ಕೆಲಸ

“ನಮ್ಮಮ್ಮನಿಗೆ ನೀವು ಏನು ಕೊಟ್ಟಿದ್ದೀರಿ?”

ರಸೆಲ್ ಡೀಟ್ಸ್ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಮಾತ್ರೆ ಎಣಿಸುತ್ತಿದ್ದ. ಐದೈದರಂತೆ ನಲವತ್ತಕ್ಕೆ ಬಂದಿದ್ದವನಿಗೆ ಲೆಕ್ಕ ತಪ್ಪಿತು. ಕಾರಿನಿಂದ ಇಳಿಯದೆಯೇ ಔಷಧ ಕೊಳ್ಳುವವರ ಕಿಟಕಿಯ ಗಂಟೆ ಬಡಿದುಕೊಳ್ಳುತ್ತಿತ್ತು. ಕೌಂಟರಿನ ಮುಂದೆ ಒಂಬತ್ತು ಜನ. ಫ್ಲೂ ಲಸಿಕೆಗೆಂದು ತೋಳು ಮಡಿಚಿಕೊಂಡು ಕೂತವರು ಮೂವರು. ಬೆಳಿಗ್ಗೆ ಹತ್ತೂ ಆಗಿರಲಿಲ್ಲ.

“ಯಾರ ವಿಷಯ, ಮೇಡಂ?”

“ಆರ್ಫಾ ಸ್ಟಟ್ಸ್‌ಮನ್. ಡಬ್ಬಿ ಮೇಲೆ ಬಿಪಿ ಮಾತ್ರೆ ಅಂತ ಚೀಟಿ ಇದೆ. ಒಳಗಿರೋದು ತುರಿಕೆ ಮಾತ್ರೆಯಂತೆ, ಆಸ್ಪತ್ರೆಯಲ್ಲಿ ಹೇಳಿದ್ರು. ಹನ್ನೊಂದು ದಿನ ನುಂಗಿದಾಳೆ. ತೂಕಡಿಸಿ ತೂಕಡಿಸಿ ಮೊನ್ನೆ ಅಡುಗೆಮನೆಯಲ್ಲಿ ಬಿದ್ದಳು. ಸೊಂಟದ ಮೂಳೆ ಮುರಿದಿದೆ.”

ಇಂಥ ಹೊತ್ತಿನಲ್ಲಿ ‘ಕ್ಷಮಿಸಿ’ ಅನ್ನಬಾರದು, ‘ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ’ ಅನ್ನಬೇಕು ಎಂದು ಕಂಪನಿ ತರಬೇತಿಯಲ್ಲಿ ಕಲಿಸಿತ್ತು. ಅವನು ಹಾಗೇ ಅಂದ.

“ಅರ್ಥ ಆಗೋದು ಬೇಡ,” ಅಂದಳು ಮಗಳು. “ಮಾಡಿದ್ದು ಯಾರು ಅಂತ ಹೇಳಿ, ಸಾಕು.”

ವಿಚಾರಿಸಿ ತಿಳಿಸುತ್ತೇನೆಂದು ಫೋನಿಟ್ಟ. ಕಂಪ್ಯೂಟರಿನಲ್ಲಿ ಹುಡುಕಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಹನ್ನೆರಡನೇ ತಾರೀಖು, ಸಂಜೆ ನಾಲ್ಕು ಐವತ್ತೆರಡು. ಡಬ್ಬಿಯೊಳಗಿನದನ್ನು ನೋಡಿ ಸರಿಯಿದೆ ಎಂದು ಒಪ್ಪಿಗೆ ಕೊಟ್ಟವರು: ವರ್ನಾ ಟ್ಯಾಕೆಟ್.

ಕಳೆದ ಶುಕ್ರವಾರ ಕಂಪನಿ ವರ್ನಾಳನ್ನು ಕೆಲಸದಿಂದ ತೆಗೆದಿತ್ತು. ಮ್ಯಾನ್ಸ್‌ಫೀಲ್ಡಿನ ಈ ಅಂಗಡಿಗೆ ಇಬ್ಬರು ಫಾರ್ಮಸಿಸ್ಟರು ಹೆಚ್ಚಾಯಿತಂತೆ. ಮೂವತ್ನಾಲ್ಕು ವರ್ಷ ದುಡಿದವಳು. ಹದಿನಾರು ವರ್ಷದ ಹಿಂದೆ ಹೊಸಬನಾಗಿ ಬಂದ ರಸೆಲ್‌ಗೆ ಈ ಕೌಂಟರಿನಲ್ಲಿ ನಿಲ್ಲುವುದನ್ನು ಕಲಿಸಿದವಳು. ಸುದ್ದಿ ಕೇಳಿದಾಗ ಅವನಿಗೆ ಮೊದಲು ಆದದ್ದು ನಿರಾಳ. ದುಃಖ ಆಮೇಲೆ ಬಂತು, ಬರಬೇಕಲ್ಲ ಎಂದು ಕರೆದ ಮೇಲೆ.

ಹನ್ನೆರಡನೇ ತಾರೀಖಿನ ಸಂಜೆ ಅವನಿಗೆ ಚೆನ್ನಾಗಿ ನೆನಪಿತ್ತು. ನೆನಪಿಲ್ಲದಿದ್ದರೆ ಎಷ್ಟು ಚೆನ್ನಾಗಿತ್ತು. ವರ್ನಾ ಲಸಿಕೆಯ ಕೋಣೆಯಲ್ಲಿದ್ದಳು. ಅವಳ ಕಂಪ್ಯೂಟರ್ ಅವಳ ಹೆಸರಿನಲ್ಲೇ ತೆರೆದಿತ್ತು. ಬಂದು ಹದಿನೈದು ನಿಮಿಷ ದಾಟಿದ ಔಷಧ ಚೀಟಿಗಳು ತೆರೆಯ ಮೇಲೆ ಕೆಂಪಾಗುತ್ತ ಹೋಗುತ್ತಿದ್ದವು. ಕೆಂಪು ಹೆಚ್ಚಾದರೆ ಮೇಲಿನಿಂದ ಫೋನು ಬರುತ್ತದೆ. ಅವನು ಅವಳ ಜಾಗದಲ್ಲಿ ನಿಂತು ಒಂದಾದ ಮೇಲೊಂದಕ್ಕೆ ಒಪ್ಪಿಗೆ ಒತ್ತಿದ್ದ. ಏಳೋ ಎಂಟೋ. ಯಾವ ಡಬ್ಬಿಯ ಮುಚ್ಚಳವನ್ನೂ ತೆಗೆದು ನೋಡಿರಲಿಲ್ಲ.

ಮೇಲಧಿಕಾರಿ ಬ್ರೆಂಟ್ ಹನ್ನೊಂದೂಕಾಲಿಗೆ ಫೋನು ಮಾಡಿದ. ಮಗಳು ಕಂಪನಿಗೂ ದೂರು ಕೊಟ್ಟಿದ್ದಳು.

“ಏನಪ್ಪಾ, ನಿನ್ನದಲ್ಲ ತಾನೇ?”

“ದಾಖಲೆಯಲ್ಲಿ ವರ್ನಾ ಹೆಸರಿದೆ,” ಅಂದ ರಸೆಲ್. ಇದರಲ್ಲಿ ಸುಳ್ಳೇನೂ ಇರಲಿಲ್ಲ.

“ಬಚಾವಾದೆವು. ಅವಳು ಹೇಗೂ ಹೋದಳಲ್ಲ. ಅಷ್ಟನ್ನೇ ಎರಡು ಸಾಲು ಬರೆದು ಕಳಿಸು. ರಾಜ್ಯದ ಔಷಧ ಮಂಡಳಿಗೆ ನಾವು ಕಳಿಸ್ತೀವಿ. ಅವಳಿಗೂ ಒಂದು ಮಾತು ಹೇಳಿಬಿಡ್ತೀನಿ.” ಆಮೇಲೆ ದನಿ ಬದಲಿಸಿದ. “ನಿಮ್ಮಲ್ಲಿ ಈಗ ಇಪ್ಪತ್ತಾರು ಕೆಂಪಿದೆಯಲ್ಲ. ಏನು, ನಿದ್ದೆ ಮಾಡ್ತಿದ್ದೀರಾ?”

ರಸೆಲ್ ನಿಂತಲ್ಲೇ ಎರಡು ಸಾಲು ಬರೆದು ಕಳಿಸಿದ. ವ್ಯಾಕರಣ ಸರಿಯಿದೆಯೇ ಎಂದು ಮತ್ತೊಮ್ಮೆ ಓದಿಕೊಂಡೂ ಇದ್ದ.

ಸಹಾಯಕಿ ಜನೆಲ್ ಡಬ್ಬಿಗಳಿಗೆ ಚೀಟಿ ಅಂಟಿಸುತ್ತ ಎಲ್ಲ ಕೇಳಿಸಿಕೊಂಡಿದ್ದಳು. ಎರಡು ಮಕ್ಕಳ ತಾಯಿ, ಬಾಯಿ ಜೋರು.

“ಹನ್ನೆರಡನೇ ತಾರೀಖು ಅಂದ್ರೆ ಆ ಚರ್ಚಿನವರು ಬಸ್ಸು ತುಂಬ ಬಂದಿದ್ರಲ್ಲ, ಅವತ್ತೇ ಅಲ್ವಾ? ವರ್ನಾ ಸಂಜೆಯೆಲ್ಲ ಸೂಜಿ ಚುಚ್ಚುತ್ತ ಒಳಗೇ ಇದ್ದಳು.”

“ನನಗೆ ನೆನಪಿಲ್ಲ.”

ಜನೆಲ್ ಅವನನ್ನು ನೋಡಿದಳು. ಬೇಕಾದದ್ದಕ್ಕಿಂತ ಒಂದು ಕ್ಷಣ ಹೆಚ್ಚು.

“ನಾನು ಉಚ್ಚೆಗೆ ಹೋಗ್ತಿದ್ದೀನಿ, ರಸ್,” ಅಂದಳು. “ಅದೂ ಕೆಂಪಾಗಿದ್ರೆ ಕಂಪನಿಗೆ ಬರೆದು ತಿಳಿಸು.”

ಮಧ್ಯಾಹ್ನ ಒಂದೂ ಇಪ್ಪತ್ತಕ್ಕೆ ಸಾಲಿನಲ್ಲಿ ವರ್ನಾ ಕಂಡಳು. ಸರದಿ ತಪ್ಪಿಸದೆ, ಕೈಚೀಲವನ್ನು ಹೊಟ್ಟೆಗೆ ಒತ್ತಿಕೊಂಡು, ಇಬ್ಬರ ಹಿಂದೆ ನಿಂತಿದ್ದಳು. ಕೌಂಟರಿನ ಆ ಬದಿಯಲ್ಲಿ ಅವಳು ಇಷ್ಟು ಕುಳ್ಳಗಿದ್ದಾಳೆಂದು ಅವನಿಗೆ ಗೊತ್ತಿರಲಿಲ್ಲ. ಒಳಗಿನ ನೆಲ ನಾಲ್ಕು ಅಂಗುಲ ಎತ್ತರ.

“ಹೆದರಬೇಡ, ಕೆಲಸ ವಾಪಸ್ ಕೊಡಿ ಅಂತ ಬಂದಿಲ್ಲ,” ಅಂದಳು ಸರದಿ ಬಂದಾಗ. ನಗಲು ನೋಡಿದಳು. “ಬ್ರೆಂಟ್ ಫೋನ್ ಮಾಡಿದ್ದ. ನಾನೇ ಅಂತೆ, ರಸ್.”

“ಯಾರಿಗಾದರೂ ಆಗಬಹುದು, ವರ್ನಾ.”

“ನನಗಾಗಿರಲಿಲ್ಲ. ಮೂವತ್ನಾಲ್ಕು ವರ್ಷದಲ್ಲಿ ಒಂದೂ ಇಲ್ಲ.” ಅವಳು ಕೌಂಟರಿನ ಅಂಚನ್ನು ಹೆಬ್ಬೆರಳಿನಿಂದ ಒರೆಸುತ್ತಿದ್ದಳು, ಅಲ್ಲೇನೋ ಅಂಟಿದೆ ಎಂಬಂತೆ. “ಆ ಡಬ್ಬಿ ನನಗೆ ನೆನಪೇ ಇಲ್ಲ ಕಣೋ. ಅದೇ ಭಯ. ಗೊತ್ತಿಲ್ಲದೆ ಇನ್ನೆಷ್ಟು ಮಾಡಿದೀನೋ! ಕೌಂಟಿಯ ಸರ್ಕಾರಿ ಕ್ಲಿನಿಕ್‌ನವರು ಸೋಮವಾರದಿಂದ ಕೆಲಸಕ್ಕೆ ಬಾ ಅಂದಿದ್ರು. ಈಗ ತಾನೇ ಬರಲ್ಲ ಅಂತ ಹೇಳಿಬಿಟ್ಟೆ.”

“ಹಾಗೇಕೆ ಮಾಡಿದ್ರಿ?”

“ಇನ್ನು ಔಷಧ ಮುಟ್ಟಲ್ಲಪ್ಪ ನಾನು.”

ಹೇಳಿಬಿಡಬೇಕು ಎಂದು ಅವನಿಗೆ ಅನಿಸಿತು. ನಿಜವಾಗಿ ಅನಿಸಿತು. ಬಾಯಿ ತೆರೆದಿದ್ದ ಕೂಡ. ವಾಕ್ಯ ಸಣ್ಣದು, ನಾಲ್ಕೇ ಪದ. ಆಮೇಲೆ ಬ್ರೆಂಟ್, ಮಂಡಳಿ, ಲೈಸೆನ್ಸು, ಮನೆಯಲ್ಲಿ ಹೆಂಡತಿಯ ಮುಖ.

“ರೀ, ಹರಟೆ ಆಮೇಲೆ ಹೊಡೀರಿ,” ಅಂದ ಸಾಲಿನಲ್ಲಿ ಅವಳ ಹಿಂದಿದ್ದ ಮುದುಕ. “ನಾವೇನು ಇಲ್ಲಿ ಸಾಯಬೇಕಾ?”

ರಸೆಲ್‌ಗೆ ಆ ಮುದುಕನ ಕಾಲು ಹಿಡಿಯಬೇಕೆನಿಸಿತು.

“ಆಮೇಲೆ ಮಾತಾಡೋಣ, ವರ್ನಾ.”

“ಆಯ್ತು, ಆಯ್ತು. ನಿನ್ನ ಕೆಲಸ ನೋಡ್ಕೋ. ಇಬ್ಬರ ಕೆಲಸ ಒಬ್ಬನೇ ಮಾಡ್ತಿದ್ದೀಯ, ಪಾಪ.” ಅವನ ಕೈ ತಟ್ಟಿ ಸರಿದು ನಿಂತಳು. ತಟ್ಟಿದ ಜಾಗವನ್ನು ಅವನು ಕೋಟಿಗೆ ಒರೆಸಿಕೊಂಡ. ಯಾಕೆಂದು ತಿಳಿಯಲಿಲ್ಲ.

ಒಂದೂವರೆಗೆ ಊಟದ ಬಿಡುವು. ಅರ್ಧ ಗಂಟೆ ಫಾರ್ಮಸಿ ಮುಚ್ಚಬೇಕೆಂದು ಕಂಪನಿಯೇ ನಿಯಮ ಮಾಡಿತ್ತು, ನೌಕರರ ಆರೋಗ್ಯಕ್ಕಾಗಿ. ಜನೆಲ್ ತನ್ನ ಕಾರಿನಲ್ಲಿ ಕೂತು ತಿನ್ನಲು ಹೋದಳು. ರಸೆಲ್ ಬೈಯುವವರ ಮುಖ ನೋಡದೆ ಕೌಂಟರಿನ ಮೇಲೂ ಪಕ್ಕದ ಬಾಗಿಲಿಗೂ ಶಟರ್ ಎಳೆದ. ಬಾಗಿಲಿನ ಶಟರ್ ನೆಲಕ್ಕೆ ಪೂರ್ತಿ ತಾಗುವುದಿಲ್ಲ. ಕೆಳಗೆ ಒಂದು ಗೇಣು ತೆರಪು. ಅದರ ಹತ್ತಿರವೇ ಇದ್ದ ಒಂದೇ ಒಂದು ಸ್ಟೂಲಿನ ಮೇಲೆ ಕೂತು ಸ್ಯಾಂಡ್‌ವಿಚ್ ಬಿಚ್ಚಿದ. ಹಸಿವಿರಲಿಲ್ಲ.

ಹೊರಗಿನ ಗೊಣಗಾಟ ನಿಧಾನವಾಗಿ ಕರಗಿತು. ಆಮೇಲೆ ತಗಡಿನ ಮೇಲೆ ಎರಡು ಸಲ ಬೆರಳ ಗೆಣ್ಣಿನ ಸದ್ದು.

“ರಸ್?”

ವರ್ನಾ. ಹೋಗಿರಲಿಲ್ಲ.

“ಆಸ್ಪತ್ರೆಗೆ ಹೋಗ್ತಿದ್ದೀನಿ. ಆರ್ಫಾನ ನೋಡೋಕೆ. ಹೋಗಿ ಅವಳ ಮುಂದೆ ನಿಂತು ಹೇಳದೆ ಇದ್ರೆ ನನಗೆ ಉಸಿರು ಕಟ್ಟೋ ಹಾಗಿದೆ. ಒಬ್ಬಳೇ ಹೋಗೋಕೆ ಧೈರ್ಯ ಇಲ್ಲ ಕಣೋ. ರಸ್ತೆ ದಾಟಿದ್ರೆ ಆಯ್ತು. ಹತ್ತು ನಿಮಿಷ. ಜೊತೆಗೆ ಬರ್ತೀಯಾ?”

ಬಾಯಲ್ಲಿದ್ದ ತುತ್ತನ್ನು ಅವನು ಅಗಿಯುವುದು ನಿಲ್ಲಿಸಿದ.

“ರಸ್? ಒಳಗಿದ್ದೀಯಲ್ಲ?”

ಉಸಿರು ಬಿಗಿಹಿಡಿದ.

“ಇದ್ದೀಯ,” ಅಂದಳು ವರ್ನಾ ಮೆಲ್ಲಗೆ. “ನಿನ್ನ ಬೂಟು ಕಾಣ್ತಿದೆ.”

ರಸೆಲ್ ಕೆಳಗೆ ನೋಡಿದ. ಶಟರಿನ ಈಚೆ ಅವನ ಕಂದು ಬೂಟುಗಳು. ಆಚೆ, ದಿನವಿಡೀ ನಿಲ್ಲುವವರು ಹಾಕಿಕೊಳ್ಳುವ ಅವಳ ಬಿಳಿ ಬೂಟುಗಳು. ನಡುವೆ ಒಂದು ಮೊಳವೂ ಇರಲಿಲ್ಲ.

ಅವನು ಸದ್ದಾಗದಂತೆ ಬಲಗಾಲನ್ನು ನೆಲದಿಂದ ಎತ್ತಿದ. ಆಮೇಲೆ ಎಡಗಾಲನ್ನೂ ಎತ್ತಿದ.

ಸ್ಟೂಲಿನ ಮೇಲೆ ಎರಡೂ ಕಾಲನ್ನು ಗಾಳಿಯಲ್ಲಿ ಚಾಚಿಕೊಂಡು, ಒಂದು ಕೈಯಲ್ಲಿ ಸ್ಯಾಂಡ್‌ವಿಚ್ ಹಿಡಿದು ಅವನು ಕಾದ. ತೊಡೆಗಳು ಅದುರತೊಡಗಿದವು. ಬಿಡುವು ಮುಗಿಯಲು ಇನ್ನೂ ಇಪ್ಪತ್ತೆರಡು ನಿಮಿಷವಿತ್ತು. ಬಿಳಿ ಬೂಟುಗಳು ಅಲ್ಲಿಂದ ಕದಲಲಿಲ್ಲ.