ಮೂರನೆಯ ಬಕೆಟ್

ಮೂರು ಬಕೆಟ್ ಹಾಕಿದ್ದೆ. ಮಾವ ಕೇಳಿದಾಗ ಒಂದು ಎಂದೆ. ಆ ಸುಳ್ಳು ಹೇಳುವುದಕ್ಕೆ ನನಗೆ ಉಸಿರೆಳೆದುಕೊಳ್ಳುವಷ್ಟು ಹೊತ್ತೂ ಬೇಕಾಗಲಿಲ್ಲ.

ಮಾವ ಅಂದರೆ ಅಮ್ಮನ ತಮ್ಮ. ಹತ್ತೊಂಬತ್ತು ವರ್ಷದಿಂದ ಈ ಈಜುಕೊಳದ ನೀರು ನೋಡಿಕೊಳ್ಳುವವನು. ಇಲ್ಲಿಗೆ ಬರುವವರೆಲ್ಲ ಅವನನ್ನು ಬಣ್ಣದ ಸಾಹೇಬ್ರು ಅನ್ನುತ್ತಾರೆ. ದಿನಕ್ಕೆ ಮೂರು ಹೊತ್ತು ಬೆರಳುದ್ದದ ಗಾಜಿನ ಕೊಳವೆಯಲ್ಲಿ ಕೊಳದ ನೀರು ತುಂಬಿ, ಐದು ಹನಿ ಔಷಧಿ ಬಿಟ್ಟು, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಾನೆ. ನೀರು ಗುಲಾಬಿಯಾದರೆ ಪಿಎಚ್ ಏರಿದೆ, ಆಸಿಡ್ ಪುಡಿ ಬೇಕು. ಹಳದಿಯಾದರೆ ಇಳಿದಿದೆ, ಸೋಡಾ ಬೇಕು. ಕಿತ್ತಳೆಯಾದರೆ ಯಾರಿಗೂ ಏನೂ ಹೇಳದೆ ಚಹಾ ಕುಡಿಯಲು ಹೋಗುತ್ತಾನೆ.

ಓದು ಅರ್ಧಕ್ಕೆ ಬಿಟ್ಟು ಮನೆಯಲ್ಲಿ ಬಿದ್ದುಕೊಂಡಿದ್ದ ನನ್ನನ್ನು ಸಹಾಯಕಿ ಅಂತ ಸೇರಿಸಿಕೊಂಡವನೂ ಅವನೇ. ಈ ಮೂರು ಬಕೆಟ್ಟಿನ ದಿನ ಅವನು ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕಿತ್ತು. ಮೊದಲ ಸಲ ನೀರನ್ನು ನನ್ನ ಕೈಗೆ ಬಿಟ್ಟ.

"ಒಂದು ಬಕೆಟ್ ನೀರಿಗೆ ಎರಡು ಲೋಟ ಪುಡಿ. ನೀರಿಗೆ ಪುಡಿ ಹಾಕ್ಬೇಕು, ಪುಡಿಗೆ ನೀರಲ್ಲ. ಪಂಪು ಓಡ್ತಿರ್ಬೇಕು. ಆಳದ ಕಡೆ ನಡೀತಾ ನಡೀತಾ ಸುರಿ. ಆಮೇಲೆ ಎರಡು ಗಂಟೆ ಸುಮ್ನೆ ಕೂತ್ಕೋ."

"ಗೊತ್ತು ಮಾವ. ನೂರು ಸಲ ನೋಡಿದೀನಿ."

"ನೋಡೋದು ಸುಲಭ ಕಣೇ, ಕೂತ್ಕೊಳೋದೇ ಕಷ್ಟ. ನಿನ್ನ ಕಾಲಲ್ಲಿ ಚಕ್ರ ಇದೆ."

ಏಳು ಗಂಟೆಗೆ ಕೊಳವೆಯ ನೀರು ಕಡು ಗುಲಾಬಿಯಾಗಿತ್ತು. ಫಿಲ್ಟರ್ ತೊಳೆಯಲು ಪಂಪು ನಿಲ್ಲಿಸಿದೆ. ತೊಳೆದೆ. ಮತ್ತೆ ಹಚ್ಚಲು ಮರೆತೆ. ಅವನು ಹೇಳಿದ ಹಾಗೇ ಪುಡಿ ಕಲಕಿ ಆಳದ ಕಡೆ ಸುರಿದೆ. ಒಂದು ಗಂಟೆ ಬಿಟ್ಟು ಈ ತುದಿಯ ಮೆಟ್ಟಿಲ ಹತ್ತಿರ ನೀರು ತುಂಬಿ ನೋಡಿದರೆ ಅದೇ ಗುಲಾಬಿ. ನಿಂತ ನೀರು, ಅಲ್ಲಿನ ಆಸಿಡ್ ಇಲ್ಲಿಗೆ ಬಂದಿರಲೇ ಇಲ್ಲ. ನನಗೆ ಅದು ಹೊಳೆಯಲಿಲ್ಲ. ಇನ್ನೊಂದು ಬಕೆಟ್ ಸುರಿದೆ. ಮತ್ತೂ ಗುಲಾಬಿ. ಮಾವ ಬರುವ ಹೊತ್ತಿಗೆ ಕಿತ್ತಳೆ ತೋರಿಸಿ ಶಭಾಷ್ ಅನ್ನಿಸಿಕೊಳ್ಳಬೇಕಿತ್ತು. ಮೂರನೆಯದನ್ನೂ ಸುರಿದ ಮೇಲೆ ಕಿವಿಗೆ ಏನೋ ಕಡಿಮೆಯಾದಂತೆ ಅನಿಸಿತು. ಪಂಪಿನ ಸದ್ದಿಲ್ಲ.

ಓಡಿಹೋಗಿ ಸ್ವಿಚ್ ಒತ್ತಿದೆ. ಆಗ ಹತ್ತಕ್ಕೆ ಐದು ನಿಮಿಷ. ವಯಸ್ಸಾದವರ ಈಜು ತರಗತಿ ಹತ್ತಕ್ಕೆ. ಗೇಟಿಗೆ 'ಇಂದು ರಜೆ' ಅನ್ನುವ ಫಲಕ ತಗುಲಿಸಿದ್ದರೆ ಮುಗಿಯುತ್ತಿತ್ತು. ಆದರೆ ಯಾಕೆ ಅಂತ ಹೇಳಬೇಕಾಗುತ್ತಿತ್ತು. ಫಲಕ ಬಾಗಿಲ ಹಿಂದೆಯೇ ಇತ್ತು. ಅದನ್ನು ನೋಡಿಯೂ ನೋಡದವಳಂತೆ ಗೇಟು ತೆಗೆದೆ.

ಕಲಿಯಲು ಬರುವವರಲ್ಲಿ ಟೀಚರಮ್ಮನೂ ಒಬ್ಬರು, ಶಾಲೆಯಿಂದ ನಿವೃತ್ತಿಯಾಗಿ ಹತ್ತು ವರ್ಷವಾದವರು. ಎರಡು ತಿಂಗಳಿಂದ ಕಂಬಿ ಹಿಡಿದು ನಿಲ್ಲುವುದಷ್ಟೇ ಅವರ ಈಜು. ಅವತ್ತು, "ಇವತ್ತು ಮುಖ ಮುಳುಗಿಸೇ ಬಿಡ್ತೀನಿ, ನೋಡ್ತಿರ್ರೇ!" ಅಂದರು. ಗೆಳತಿಯರು ಚಪ್ಪಾಳೆ ತಟ್ಟಿದರು. ಕಣ್ಣು ತೆರೆದೇ ಮುಳುಗಿದರು. ಎದ್ದಾಗ ಮುಖ ಕಿವುಚಿಕೊಂಡಿತ್ತು.

"ಉರಿ... ಅಯ್ಯೋ, ಉರಿ!"

"ಆಯ್ತು ಬನ್ನಿ, ನಾಟಕ ಸಾಕು," ಅಂತ ಯಾರೋ ನಕ್ಕರು. ಅಷ್ಟರಲ್ಲಿ ಅವರೂ ಕಣ್ಣು ಉಜ್ಜತೊಡಗಿದರು. ಎಲ್ಲರನ್ನೂ ಮೇಲೆ ಹತ್ತಿಸಿದೆ. ಟೀಚರಮ್ಮನನ್ನು ನಲ್ಲಿಯ ಕೆಳಗೆ ಕೂರಿಸಿ ಕಣ್ಣಿಗೆ ನೀರು ಬಿಟ್ಟೆ. ಅವರು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು, "ನೀನಿದ್ದೆ, ಬದುಕಿದೆ ತಾಯಿ," ಅಂದರು.

ಮಾವ ಬಂದದ್ದು ಆಗಲೇ. ಗೇಟಿನಿಂದಲೇ, "ಪೊರೆ ಶುರುವಾಗಿದೆಯಂತೆ ಕಣೇ! ಇನ್ಮೇಲೆ ನಂಗೆ ಎಲ್ಲಾ ಹಳದಿ ಹಳದಿಯಾಗಿ ಕಾಣ್ಬಹುದಂತೆ," ಅಂತ ನಗುತ್ತಾ ಬಂದವನು ನಮ್ಮನ್ನು ನೋಡಿ ನಿಂತ.

"ಎಷ್ಟು ಬಕೆಟ್?"

"ಒಂದು."

ಮಾವ ನನ್ನ ಮಾತನ್ನೇ ಲೆಕ್ಕಕ್ಕೆ ಹಿಡಿದ. ಕೂಗಾಡುತ್ತಾ ಬಂದ ಮ್ಯಾನೇಜರಿಗೆ, "ನೀರು ನನ್ನ ಜವಾಬ್ದಾರಿ ಸಾರ್, ಅವಳದ್ದಲ್ಲ," ಅಂದ. ಕೊಳ ಮುಚ್ಚಿಸಿ, ಒಂದು ಬಕೆಟ್ಟಿಗೆ ತಕ್ಕಷ್ಟು ಸೋಡಾ ಕರಗಿಸಿ ಹಾಕಿದ. ಊಟವನ್ನೂ ಮಾಡದೆ ದಂಡೆಯ ಮೇಲೆ ಕೂತ. ಕೂರುವುದು ಹೇಗೆಂದು ಅವನಿಗೆ ಗೊತ್ತು.

ಮೂರು ಗಂಟೆಗೆ ಕೊಳವೆ ಹಿಡಿದ. ಒಂದು ಕಣ್ಣು ಮುಚ್ಚಿ ನೋಡಿದ, ಇನ್ನೊಂದು ಮುಚ್ಚಿ ನೋಡಿದ. ಅಂಗಿಯ ಚುಂಗಿನಿಂದ ಕೊಳವೆ ಒರೆಸಿ ಮತ್ತೆ ನೋಡಿದ.

"ನೀನು ನೋಡೇ. ನಂಗೆ ಹಳದಿ ಕಾಣ್ತಿದೆ. ಒಂದು ಬಕೆಟ್ಟಿಗೆ ಇಷ್ಟು ಸೋಡಾ ಹಾಕಿದ್ಮೇಲೆ ಹಳದಿ ಬರೋ ಹಾಗಿಲ್ಲ."

ಹಳದಿಯೇ ಆಗಿತ್ತು. ಯಾರು ನೋಡಿದರೂ ಹಳದಿ. ಅವನು ಮನೆಗೆ ಹೋದ ಮೇಲೆ ನಾನೇ ಸೋಡಾ ಹಾಕಿ ಸರಿಮಾಡಿದರೆ ಆಯಿತು ಅಂತ ಲೆಕ್ಕ ಹಾಕಿದೆ.

"ಕಿತ್ತಳೆ, ಮಾವ."

"ಹೌದಾ?"

"ಹೂಂ. ಸರಿಯಾಗೇ ಇದೆ."

ಅವನು ಚಹಾಕ್ಕೆ ಹೋಗಲಿಲ್ಲ. ಕೊಳವೆ ತೊಳೆದು ಡಬ್ಬಿಯಲ್ಲಿಟ್ಟು, ಅದನ್ನೂ ಹಿಡಿದುಕೊಂಡು ಆಫೀಸಿನ ಕಡೆ ನಡೆದ. ಹಿಂದೆ ಹೋದ ನನಗೆ ಬಾಗಿಲಲ್ಲೇ ಕೇಳಿಸಿತು.

"ಬೇರೆಯವರನ್ನ ನೋಡ್ಕೊಳ್ಳಿ ಸಾರ್. ನನ್ನ ಕಣ್ಣು ಕೈಕೊಟ್ಟಿದೆ. ನಿನ್ನೆ ರಾತ್ರಿ ನಾನೇ ಬಣ್ಣ ತಪ್ಪು ನೋಡಿರ್ಬೇಕು, ಅದಕ್ಕೇ ಬೆಳಗ್ಗೆ ಆ ಅಮ್ಮನಿಗೆ ಹಾಗಾಯ್ತು."

ಟೀಚರಮ್ಮ ಅಲ್ಲೇ ಬೆಂಚಿನ ಮೇಲಿದ್ದರು. ಕಣ್ಣಿಗೆ ಔಷಧಿ ಹಾಕಿಸಿಕೊಂಡು, ಬಿಟ್ಟುಹೋಗಿದ್ದ ಬ್ಯಾಗಿಗಾಗಿ ಬಂದಿದ್ದರು. ಒದ್ದೆ ಕರವಸ್ತ್ರವನ್ನು ಕಣ್ಣಿಗೆ ಒತ್ತಿಕೊಂಡೇ, "ಪಾಪ, ವಯಸ್ಸಲ್ವಾ. ಬಿಡಿ ಸಾಹೇಬ್ರೇ," ಅಂದರು. ಮಾವ ಅವರಿಗೆ ಕೈ ಮುಗಿದ.

"ಮೂರು ಬಕೆಟ್," ಅಂದೆ.

"ಏನಮ್ಮಾ?" ಅಂದ ಮ್ಯಾನೇಜರ್.

"ಮೂರು ಬಕೆಟ್ ಹಾಕಿದ್ದೆ. ಪಂಪು ನಿಂತಿತ್ತು. ಗೊತ್ತಾದ ಮೇಲೂ ಗೇಟು ತೆಗ್ದೆ. ಮಾವನ ಕಣ್ಣು ಸರಿ ಇದೆ. ಅದು ಹಳದಿನೇ."

ಮ್ಯಾನೇಜರ್ ಬೈಯತೊಡಗಿದ. ಅದೇನೂ ನನಗೆ ನಾಟಲಿಲ್ಲ. ಟೀಚರಮ್ಮ ಮುಖ ಆಚೆ ತಿರುಗಿಸಿದ್ದು ನಾಟಿತು. ಮಾವ ಬೈಯುತ್ತಾನೆ ಅಂತ ಕಾದೆ. ಮನೆಯಲ್ಲಿ ಅವನ ಬಾಯಿ ದೊಡ್ಡದು. ಅವನು ಡಬ್ಬಿ ತೆಗೆದುಕೊಂಡು ಹೊರಗೆ ಹೋದ. ಮರಳಿ ಬಂದಾಗ ಕೈಯಲ್ಲಿ ಹೊಸ ನೀರು ತುಂಬಿದ ಕೊಳವೆಯಿತ್ತು, ಹನಿಯನ್ನೂ ಹಾಕಿಯಾಗಿತ್ತು. ಅಭ್ಯಾಸಬಲದಿಂದ ನಾನು ಕೈ ಚಾಚಿದೆ.

ಅವನು ನನ್ನನ್ನು ದಾಟಿ ಬೆಂಚಿನ ಹತ್ತಿರ ಹೋಗಿ ಬಗ್ಗಿದ.

"ಅಮ್ಮಾ, ಕಷ್ಟ ಆಗದಿದ್ರೆ ಇದೊಂದು ನೋಡಿ ಹೇಳ್ತೀರಾ? ಯಾವ ಬಣ್ಣ?"

ಟೀಚರಮ್ಮ ಕರವಸ್ತ್ರ ಸರಿಸಿ, ಕೆಂಪಗೆ ಊದಿದ ರೆಪ್ಪೆಗಳನ್ನು ಕಷ್ಟಪಟ್ಟು ತೆರೆದರು. ಕಣ್ಣಿಂದ ನೀರು ಸುರಿಯುತ್ತಿತ್ತು. ಕೊಳವೆಯನ್ನು ಹತ್ತಿರ ತಂದುಕೊಂಡು ಬಹಳ ಹೊತ್ತು ನೋಡಿದರು.

"ಹಳದಿ," ಅಂದರು. "ನಿಂಬೆಹಣ್ಣಿನ ಹಳದಿ."

ಮಾವ ತಲೆಯಾಡಿಸಿ ಸೋಡಾ ತರಲು ಹೊರಟ. ಚಾಚಿದ್ದ ಕೈಯನ್ನು ಎಲ್ಲಿಡಬೇಕೋ ನನಗೆ ತಿಳಿಯಲಿಲ್ಲ.