ಗೋಡೆಯಾಚೆಯ ಕೂಸುಗಳ ಸೂಲಗಿತ್ತಿ

ಸೂಲಗಿತ್ತಿ ಇಡೋನಿಗೆ ಮುಖಸ್ತುತಿ ಎಂಬುದೇ ಬರುತ್ತಿರಲಿಲ್ಲ. ಹಡೆದ ಮನೆಯಲ್ಲಿ ಎಲ್ಲರೂ ಕೂಸನ್ನು ಮುದ್ದಾಗಿದೆ ಎಂದು ಕೊಂಡಾಡುತ್ತಿದ್ದರೆ ಇವಳು, "ಮೂಗು ಅಪ್ಪಂದೇ ಬಂದೈತೆ, ಏನ್ಮಾಡೋದು" ಎಂದುಬಿಡುವಳು. ಎಡಗಾಲೆಳೆಯುವ ನಡಿಗೆ, ಬೇಸಗೆಯಲ್ಲೂ ಬಿಡದ ಮಾಸಲು ಉಣ್ಣೆಯ ಮೇಲಂಗಿ, ಸೊಂಟದಲ್ಲಿ ತೂಗುವ ನೀರಿನ ಬುರುಡೆ. ಪಾದ್ರಿ ಬರುವುದರೊಳಗೆ ಕೂಸಿನ ಜೀವ ಹೋಗುವಂತಿದ್ದರೆ ಆ ನೀರನ್ನೇ ನೆತ್ತಿಗೆ ಹನಿಸಿ ಜ್ಞಾನಸ್ನಾನ ಮಾಡಿಸುವ ಅಧಿಕಾರ ಅವಳಿಗಿತ್ತು.

ಉಸಿರಾಡದೆ ಹುಟ್ಟಿದ್ದಕ್ಕೆ ಮಾತ್ರ ಹನಿಸುತ್ತಿರಲಿಲ್ಲ. ಜ್ಞಾನಸ್ನಾನವಾಗದ ಅಂಥವಕ್ಕೆ ಇಗರ್ಜಿಯ ಪವಿತ್ರಭೂಮಿಯಲ್ಲಿ ಸ್ಥಳವಿಲ್ಲ. ಗೋಡೆಯಾಚೆ, ಕಡಲ ಬದಿಯಲ್ಲಿ ಹೂಳಬೇಕು. ನಮ್ಮ ಮಗಳನ್ನೂ ಅಲ್ಲಿಯೇ ಹೂತೆವು. "ಒಂದ್ಸಲ ಉಸಿರಾಡ್ತು ಅನ್ನು ತಾಯಿ" ಎಂದು ನನ್ನ ಹೆಂಡತಿ ಮಾರ್ಜರಿ ಕಾಲು ಹಿಡಿದರೂ ಇಡೋನಿ ಜಗ್ಗಲಿಲ್ಲ.

"ಆಡ್ಲಿಲ್ಲ ಕಣವ್ವ."

ಊರು ಅವಳನ್ನು ಕಲ್ಲೆದೆಯವಳೆಂದಿತು.

ನಮ್ಮೂರು ಸ್ಕಾರ್ಬಿಯ ಕೆಳಗಿನ ಬೀದಿಯನ್ನು ಕಡಲು ಮೊದಲೇ ತಿಂದಿತ್ತು. ಆಮೇಲೆ ಹೊಲಗಳನ್ನು ನುಂಗಿತು. ಕೊನೆಗೆ ಇಗರ್ಜಿಗೂ ನೀರಿಗೂ ನಡುವೆ ಆ ಕೂಸುಗಳನ್ನು ಹೂತ ನೆಲದ ಪಟ್ಟಿಯೊಂದೇ ಉಳಿದಾಗ, ಸತ್ತವರ ಅಸ್ಥಿಗಳನ್ನು ಒಳನಾಡಿನ ಹೊಸ ಇಗರ್ಜಿಗೆ ಒಯ್ಯುವುದೆಂದು ತೀರ್ಮಾನವಾಯಿತು. ಗೋಡೆಯೊಳಗಿನವರನ್ನು ಮಾತ್ರ ಎಂದರು ಪಾದ್ರಿಗಳು. ತಾಯಂದಿರು ಎಷ್ಟು ಗೋಳಾಡಿದರೂ ಮಾತು ಬದಲಾಗಲಿಲ್ಲ.

ಆ ಭಾನುವಾರ ಪೂಜೆ ಮುಗಿದು ಜನ ಏಳುವ ಮುನ್ನ ಇಡೋನಿ ಕಾಲೆಳೆಯುತ್ತ ಮುಂದೆ ಬಂದಳು.

"ಅಲ್ಲಿರೋವೆಲ್ಲ ಉಸಿರಾಡಿದ್ವು ಸ್ವಾಮಿ. ನಾನೇ ನೀರು ಹಾಕಿದ್ದೆ. ಇಲ್ಲ ಅಂತ ನಿಮ್ಮತ್ರ ಸುಳ್ಳು ಹೇಳ್ದೆ."

ನಮ್ಮ ಮಗಳನ್ನು ಕೈಯಲ್ಲಿ ಹಿಡಿದಿದ್ದ ನನಗೆ ಗೊತ್ತಿತ್ತು, ಅವಳು ಉಸಿರಾಡಿರಲಿಲ್ಲ. ಪಾದ್ರಿಗಳು, ದೇವರ ವಿಷಯದಲ್ಲಿ ಸುಳ್ಳಾಡಿದವಳ ಕೈಗೆ ಇನ್ನು ಯಾವ ಬಸುರಿಯನ್ನೂ ಒಪ್ಪಿಸಲಾಗದು ಎಂದರು. ಅವಳು ಒಪ್ಪಿಕೊಂಡಳು. ಪ್ರಾಯಶ್ಚಿತ್ತಕ್ಕೆಂದು ಮೇಣದಬತ್ತಿ ಹಿಡಿದು ಬರಿಗಾಲಲ್ಲಿ ಇಗರ್ಜಿ ಸುತ್ತಿದಳು. ಕೂಸುಗಳೆಲ್ಲ ಗಾಡಿಯೇರಿದವು.

ಬಸುರಿಯರು ಪಕ್ಕದೂರಿನ ಸೂಲಗಿತ್ತಿಯನ್ನು ಕರೆಸತೊಡಗಿದರು. ಮಾರ್ಜರಿ ಮಾತ್ರ ದಿನವೂ ಇಡೋನಿಗೆ ಗಂಜಿ ಒಯ್ಯುತ್ತಿದ್ದಳು. ಅವಳ ಕೊನೆಗಾಲದಲ್ಲಿ ಪಾಪನಿವೇದನೆ ಕೇಳಿ ಕ್ಷಮೆ ಕೊಡಲು ಪಾದ್ರಿಗಳು ಬಂದಾಗ ಮುದುಕಿ ಬಾಯಿ ಬಿಡಲೇ ಇಲ್ಲ. ನಿಜ ಹೇಳಿದರೆ ತಪ್ಪು ತಿದ್ದಿಕೋ ಎನ್ನುತ್ತಾರೆ, ಕೂಸುಗಳನ್ನು ಮತ್ತೆ ಅಗೆದು ಹೊರಹಾಕುತ್ತಾರೆ ಎಂಬ ಭಯ ಅವಳಿಗೆ.

"ನಾನು ನರಕಕ್ಕೆ ಹೋಗ್ತೀನಿ ಕಣವ್ವ" ಎಂದಳಂತೆ ಮಾರ್ಜರಿಗೆ. "ಇದು ಸುಳ್ಳಲ್ಲ."

ಪಾಪನಿವೇದನೆಯಿಲ್ಲದೆ ಸತ್ತವಳನ್ನು ಹೊಸ ಇಗರ್ಜಿಯ ಗೋಡೆಯ ಆಚೆಗೇ ಹೂತೆವು. ಸತ್ಯವಂತರ ಜಾತಿಯೇ ಹೀಗೆ. ನಮ್ಮಂಥವರು ದಿನಕ್ಕೊಂದು ಸುಳ್ಳಾಡುತ್ತೇವೆ, ವಾರಕ್ಕೊಮ್ಮೆ ಮಂಡಿಯೂರಿ ಕ್ಷಮೆ ಪಡೆದು ಹಗುರಾಗುತ್ತೇವೆ. ಅವರು ಜೀವಮಾನದಲ್ಲಿ ಒಂದೇ ಒಂದು ಸುಳ್ಳು ಹೇಳುತ್ತಾರೆ, ಅದಕ್ಕೆ ಕ್ಷಮೆ ಕೇಳುವುದಿಲ್ಲ.